ನಿರೂಪಣೆ, ಪ್ರಾತಿನಿಧ್ಯ, ಪ್ರಸಂಗ: ಸಿನಿಮಾ ಪಾಠಕ್ಕೆ ಯಾವ ಪದ ಹೊಂದೀತು?

ಎಲ್ಲರಿಗೂ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮಾಧ್ಯಮ ಅಧ್ಯಯನದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲಿ, ಚರ್ಚೆ ಹೆಚ್ಚಾಗಿ ಮಲಯಾಳದಲ್ಲಿ. ಗಡಿನಾಡಿನ ಕನ್ನಡಿಗರು ಸಿನಿಮಾದಲ್ಲಿ ಹೇಗೆ ಕಾಣಿಸಿಕೊಳ್ಳುತ್ತಾರೆ ಎಂಬ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಅದರ ಕನ್ನಡ ರೂಪವನ್ನೂ ಸಿದ್ಧ ಮಾಡಬೇಕು, ನಮ್ಮ ಊರಿನ ಶಾಲೆಯ ಮಾಸ್ಟ್ರುಗಳು ಓದಬೇಕು ಎಂಬ ಆಸೆ. ಆದರೆ ಮುಖ್ಯವಾದ ಎರಡು ಜಾಗದಲ್ಲೇ, ಇಂಗ್ಲಿಷಿನ ನ್ಯಾರೇಟಿವ್ ಮತ್ತು ರೆಪ್ರೆಸೆಂಟೇಶನ್‌ಗೆ, ಪದ ಕೈಕೊಡುತ್ತಿದೆ.

ಮೊದಲು ನ್ಯಾರೇಟಿವ್‌ಗೆ ಬಳಸುವ ‘ನಿರೂಪಣೆ’. ಕನ್ನಡ ವಿಮರ್ಶೆಯಲ್ಲಿ ನಿರೂಪಕ ಎಂದರೆ ಕಥೆ ಹೇಳುವವನು. ಟಿವಿಯಲ್ಲಿ ನಿರೂಪಕಿ ಎಂದರೆ ಕಾರ್ಯಕ್ರಮ ನಡೆಸಿಕೊಡುವವಳು. ಇಷ್ಟಕ್ಕೆ ಮುಗಿದಿದ್ದರೆ ತೊಂದರೆ ಇರಲಿಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ಆದರೆ ಇಲ್ಲಿ ಪಕ್ಕದಲ್ಲೇ ಮಲಯಾಳವಿದೆ, ಅದರಲ್ಲಿ ‘ನಿರೂಪಣಂ’ ಎಂದರೆ ವಿಮರ್ಶೆ, ‘ನಿರೂಪಕನ್’ ಎಂದರೆ ವಿಮರ್ಶಕ. ಟಿವಿಯ ನಿರೂಪಕಿ ಅಲ್ಲಿ ‘ಅವತಾರಕ’. ಒಮ್ಮೆ ತರಗತಿಯಲ್ಲಿ ನಾನು ಮಲಯಾಳದಲ್ಲೇ ಮಾತಾಡುತ್ತಾ “ಈ ಸಿನಿಮಾದ ನಿರೂಪಕನನ್ನು ನಂಬುವ ಹಾಗಿಲ್ಲ” ಎಂಬರ್ಥದ ಮಾತು ಹೇಳಿದೆ. “ಯಾವ ಪತ್ರಿಕೆಯ ವಿಮರ್ಶಕ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಕೇಳಿದವಳ ತಪ್ಪೇನೂ ಇಲ್ಲ. ಎರಡು ಭಾಷೆಯಲ್ಲೂ ದಿನವಿಡೀ ಬದುಕುವ ನಮ್ಮಂಥವರಿಗೆ ಈ ಪದ ಒಂದೇ ಕಡೆ ನಿಲ್ಲುವುದಿಲ್ಲ.

ಹಾಗಾಗಿ ನ್ಯಾರೇಟಿವ್‌ಗೆ ‘ಕಥನ’ ಎಂದೇ ಬಳಸುತ್ತಿದ್ದೇನೆ. ಮಲಯಾಳದವರ ‘ಆಖ್ಯಾನಂ’ ನಮಗೂ ಅರ್ಥವಾಗುವ ಪದವೇ, ಆದರೆ ಕನ್ನಡದಲ್ಲಿ ಆಖ್ಯಾನ ಎಂದ ಕೂಡಲೇ ಪುರಾಣದ ಉಪಕಥೆಯೊಂದು ನೆನಪಾಗುತ್ತದೆ. ಇನ್ನು ‘ಕಥಾಸಂವಿಧಾನ’ ಎಂಬ ಹಳೆಯ ಪದವೊಂದಿದೆ. ಮಲಯಾಳ ಸಿನಿಮಾದ ಪೋಸ್ಟರಿನಲ್ಲಿ ‘ಸಂವಿಧಾನಂ’ ಎಂದರೆ ನಿರ್ದೇಶನ. ಕನ್ನಡದ ಹುಡುಗರಿಗೆ ಸಂವಿಧಾನ ಎಂದರೆ ಅಂಬೇಡ್ಕರ್. ಅದನ್ನು ಬಿಟ್ಟೆ.

ನಿಜವಾದ ಕಷ್ಟ ಇದರ ಒಳಗಿದೆ. ಫ್ರಾನ್ಸಿನ ಸಾಹಿತ್ಯ ಚಿಂತಕ ಜೆರಾರ್ ಜೆನೆತ್ 1972ರಲ್ಲಿ ಕಥನವನ್ನು ಮೂರಾಗಿ ಬಿಡಿಸಿ ತೋರಿಸಿದರು. ನಡೆದದ್ದೆಂದು ನಾವು ತಿಳಿದುಕೊಳ್ಳುವ ಘಟನೆಗಳ ಸಾಲು ಒಂದು, ಅದನ್ನು ಹೇಳುವ ಪಠ್ಯ ಇನ್ನೊಂದು, ಹೇಳುವ ಕ್ರಿಯೆ ಮತ್ತೊಂದು. ಅದಕ್ಕೂ ಮೊದಲು ರಷ್ಯದ ರೂಪವಾದಿಗಳು ಫಾಬುಲಾ (ನಡೆದ ಘಟನೆಗಳು), ಸ್ಯುಜೆಟ್ (ಅವನ್ನು ಜೋಡಿಸಿ ಹೇಳಿದ ಕ್ರಮ) ಎಂದು ಎರಡು ಮಾಡಿದ್ದರು. ಜೆನೆತ್ ಹೇಳುವ ಮೂರಕ್ಕೂ ಕಥೆ, ಕಥನ, ಕಥಾನಕ, ಕಥನಕ್ರಿಯೆ ಎಂದು ಬರೆಯುತ್ತಾ ಹೋದರೆ ಓದುವವರಿಗೆ ಎಲ್ಲವೂ ಒಂದೇ ಹಾಗೆ ಕೇಳುತ್ತದೆ.

ನನಗೆ ಹೊಳೆದದ್ದು ನಮ್ಮ ಯಕ್ಷಗಾನದ ಮಾತು. ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಕಥೆ ಬೇರೆ, ಪ್ರಸಂಗ ಬೇರೆ, ಆಟ ಬೇರೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ರಾಮಾಯಣದ ಕಥೆ ಎಲ್ಲರಿಗೂ ಗೊತ್ತು. ಪಾರ್ತಿಸುಬ್ಬನ ಹೆಸರಿನಲ್ಲಿರುವ ಪಂಚವಟಿ ಅದರಿಂದ ಒಂದು ಭಾಗವನ್ನು ಆಯ್ದು ಪದ್ಯಗಳಲ್ಲಿ ಕಟ್ಟಿದ ಪ್ರಸಂಗ. ಅದೇ ಪ್ರಸಂಗ ಇವತ್ತು ಒಂದು ಕಡೆ ಆಟವಾಗುತ್ತದೆ, ನಾಳೆ ಇನ್ನೊಂದು ಕಡೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಕೂಟವಾಗುತ್ತದೆ, ಎರಡೂ ಕಡೆ ಹೇಳುವ ಬಗೆ ಬೇರೆ. ಜೆನೆತ್ ಬಿಡಿಸಿದ ಮೂರು ಎಳೆಗಳೂ ಇಲ್ಲಿವೆ.

ಅಷ್ಟೇ ಅಲ್ಲ. ಜೆನೆತ್ ಕಾಲದ ಬಗ್ಗೆ ಹೇಳುವ ಮಾತುಗಳಿಗೂ ಇಲ್ಲಿ ಉದಾಹರಣೆ ಸಿಗುತ್ತದೆ. ಪಂಚವಟಿಯ ಕೂಟದಲ್ಲಿ ರಾಮನ ಅರ್ಥ (ಪದ್ಯವನ್ನು ಹಿಡಿದು ಆಡುವ ಮಾತು) ಹೇಳುವವರು ಪೀಠಿಕೆಯಲ್ಲಿ ಕೈಕೇಯಿಯ ವರ, ಚಿತ್ರಕೂಟಕ್ಕೆ ಬಂದ ಭರತ, ಎಲ್ಲವನ್ನೂ ಹಿಂದಕ್ಕೆ ಹೋಗಿ ಹೇಳಿ ಮತ್ತೆ ಪಂಚವಟಿಗೆ ಬರುತ್ತಾರೆ. ಸಿನಿಮಾದವರು ಫ್ಲ್ಯಾಶ್‌ಬ್ಯಾಕ್ ಎನ್ನುವ ಕೆಲಸವನ್ನು ಇಲ್ಲಿ ಪೀಠಿಕೆ ಮಾತಿನಲ್ಲೇ ಮಾಡುತ್ತದೆ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವುದೂ ಉಂಟು, ಇಡೀ ಯುದ್ಧವನ್ನು ಎರಡು ಪದ್ಯದಲ್ಲಿ ದಾಟಿಸುವುದೂ ಉಂಟು. ಪದ್ಯ ಹಾಡಿ ಆಟ ನಡೆಸುವ ಭಾಗವತರ ವಿಚಾರವಂತೂ ಇನ್ನೂ ಸೊಗಸು. ಹಾಡುವಾಗ ಅವರು ಕಥೆಯ ಹೊರಗೆ. ವೇಷ ಬಂದು ನಿಂತಾಗ “ತಾವು ಯಾರು, ಬಂದ ಕಾರಣವೇನು” ಎಂದು ಕೇಳುವಾಗ ಒಂದು ಕಾಲು ಒಳಗೆ. ಡೈಜೆಟಿಕ್, ನಾನ್ ಡೈಜೆಟಿಕ್ ಎಂಬ ಭೇದವನ್ನು ಕಲಿಯುವ ದಿನ ಸಹಪಾಠಿಗಳೆಲ್ಲ ಹಿನ್ನೆಲೆ ಸಂಗೀತದ ಉದಾಹರಣೆ ಕೊಡುತ್ತಿದ್ದರು, ನನಗೆ ಭಾಗವತರ ಮುಂಡಾಸೇ ಕಣ್ಣಮುಂದೆ ಇತ್ತು. (ಆ ಎರಡಕ್ಕೆ ಸದ್ಯ ‘ಕಥಾಲೋಕದ ಒಳಗಿನ ಸದ್ದು’, ‘ಹೊರಗಿನ ಸದ್ದು’ ಎಂದು ಬರೆಯುತ್ತಿದ್ದೇನೆ. ಉದ್ದವಾಯಿತು, ಆದರೆ ತಿಳಿಯುತ್ತದೆ.)

ಪ್ರಶ್ನೆ ಇದು: ಸಿನಿಮಾದ ಬಗ್ಗೆ ಬರೆಯುವಾಗ ‘ಪ್ರಸಂಗ’ ಎಂಬ ಪದವನ್ನು ಈ ಅರ್ಥದಲ್ಲಿ ಬಳಸಬಹುದೇ? ಘಟ್ಟದ ಮೇಲಿನವರಿಗೆ ಪ್ರಸಂಗ ಎಂದರೆ ‘ಒಂದು ಘಟನೆ’ ಎಂದಷ್ಟೇ ಆಗಿಬಿಡುತ್ತದೆಯೇ? ಹಾಗಿದ್ದರೆ ‘ನಡೆ’ ಹೇಗೆ? “ಪ್ರಸಂಗದ ನಡೆ ಗೊತ್ತಿರುವ ಭಾಗವತರು” ಎಂದು ನಮ್ಮಲ್ಲಿ ಹೇಳುತ್ತಾರೆ. ‘ಕಥೆ’ ಮತ್ತು ‘ಕಥಾನಡೆ’ ಎಂದು ಜೋಡಿ ಮಾಡಿದರೆ ಎಲ್ಲ ಕಡೆಯ ಓದುಗರಿಗೂ ಹಿಡಿಸೀತೇ?

ಎರಡನೆಯದು ರೆಪ್ರೆಸೆಂಟೇಶನ್. ಇದಕ್ಕೆ ಎಲ್ಲ ಕಡೆ ‘ಪ್ರಾತಿನಿಧ್ಯ’ ಎಂದು ಬರೆಯುವುದನ್ನು ನೋಡುತ್ತಿದ್ದೇನೆ, ಇದು ನನಗೆ ಒಪ್ಪಿಗೆಯಿಲ್ಲ. ಪ್ರಾತಿನಿಧ್ಯ ಎಂದರೆ ಸಚಿವ ಸಂಪುಟದಲ್ಲಿ ಸಿಗುವುದು ಅಥವಾ ಸಿಗದಿರುವುದು: ಒಬ್ಬರ ಪರವಾಗಿ ಇನ್ನೊಬ್ಬರು ನಿಲ್ಲುವುದು. ಚಿಂತಕಿ ಗಾಯತ್ರಿ ಸ್ಪಿವಾಕ್ 1988ರ ಪ್ರಬಂಧದಲ್ಲಿ ಇದೇ ಗಂಟನ್ನು ಬಿಡಿಸಿದ್ದಾರೆ. ಮಾರ್ಕ್ಸ್‌ನ ಜರ್ಮನ್‌ನಲ್ಲಿ ಪರವಾಗಿ ನಿಲ್ಲುವುದಕ್ಕೆ ಒಂದು ಪದ, ರೂಪಿಸಿ ತೋರಿಸುವುದಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದದೊಳಗೆ ಕೂತಿವೆ. ನಮ್ಮಲ್ಲಿ ಎರಡನ್ನೂ ಬೇರೆಯಾಗಿಡುವ ಅನುಕೂಲ ಇರುವಾಗ ಕೈಯಾರೆ ಯಾಕೆ ಒಂದು ಮಾಡಬೇಕು?

2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಸಿನಿಮಾವನ್ನೇ ತೆಗೆದುಕೊಳ್ಳಿ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಬಂತು. ನನಗೆ ತುಂಬಾ ಪ್ರೀತಿಯ ಚಿತ್ರ, ನಮ್ಮ ಮಕ್ಕಳ ಮಾತಿನ ಧಾಟಿ ಪರದೆಯಲ್ಲಿ ಕೇಳಿ ಮೈ ಜುಮ್ಮೆಂದಿತ್ತು. ಪ್ರಾತಿನಿಧ್ಯದ ಲೆಕ್ಕದಲ್ಲಿ ನಮಗೆ ಅಲ್ಲಿ ಕೊರತೆಯೇ ಇಲ್ಲ. ಆದರೆ ಶಾಲೆಯ ಪರವಾಗಿ ನ್ಯಾಯಾಲಯದಲ್ಲಿ ವಾದಿಸುವವರು ಮೈಸೂರಿನಿಂದ ಬರುತ್ತಾರೆ. ರಷ್ಯದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಜನಪದ ಕಥೆಗಳ ಪಾತ್ರಗಳಿಗೆ ಏಳು ಬಗೆಯ ಕೆಲಸ ಗುರುತಿಸಿದರು. ಆ ಕಣ್ಣಿನಿಂದ ನೋಡಿದರೆ ಊರಿನ ದೊಡ್ಡವರ ಕೆಲಸ ನಾಯಕನನ್ನು ಕರೆಸುವುದಕ್ಕೆ ನಿಂತುಬಿಡುತ್ತದೆ. ಇದನ್ನು ಹೇಳಲು ‘ಪ್ರಾತಿನಿಧ್ಯ’ ಸಾಲುವುದಿಲ್ಲ.

‘ಚಿತ್ರಣ’ ಎಂದರೆ? ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದಂತೆ ಕೇಳುತ್ತದೆ. ‘ಬಿಂಬಿಸು’ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ, ಅದರಲ್ಲೂ ಕನ್ನಡಿಯ ನೆನಪು ಹೋಗುವುದಿಲ್ಲ. ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1997ರ ಪುಸ್ತಕದಲ್ಲಿ ದೂರ ಇಟ್ಟದ್ದು ಈ ಕನ್ನಡಿಯ ಕಲ್ಪನೆಯನ್ನೇ. ಅರ್ಥ ಹೊರಗೆ ಸಿದ್ಧವಾಗಿ ಕೂತಿರುವುದಿಲ್ಲ, ಭಾಷೆಯಲ್ಲಿ, ಚಿತ್ರದಲ್ಲಿ ಅದನ್ನು ಕಟ್ಟಲಾಗುತ್ತದೆ ಎಂಬುದು ಅವರ ವಾದ.

ಕನ್ನಡದಲ್ಲಿ “ಊರಿನ ಬದುಕನ್ನು ಚೆನ್ನಾಗಿ ಕಟ್ಟಿಕೊಟ್ಟಿದ್ದಾರೆ” ಎಂದು ಹೇಳುವ ರೂಢಿ ಇದೆಯಲ್ಲ, ಹಾಲ್ ಹೇಳುವುದು ಅದರಲ್ಲಿ ನೇರವಾಗಿ ಬಂದಿದೆ. ನಮ್ಮ ಕಡೆ ಈ ಕ್ರಿಯಾಪದಕ್ಕೆ ಇನ್ನೂ ತೂಕವಿದೆ. ಯಕ್ಷಗಾನದಲ್ಲಿ ವೇಷ ಕಟ್ಟುತ್ತಾರೆ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ದೈವಾರಾಧನೆಯ ತೆಯ್ಯಂಗೂ ‘ಕೆಟ್ಟು’ ಎನ್ನುತ್ತಾರೆ. ಬಣ್ಣ, ಬಟ್ಟೆ, ಅಣಿ ಒಂದೊಂದಾಗಿ ಏರಿ, ಮನುಷ್ಯನೊಬ್ಬ ಎಲ್ಲರೂ ಕೈಮುಗಿಯುವ ದೈವವಾಗುತ್ತಾನೆ. ಕಟ್ಟಿದ್ದು ಅಂತ ಎಲ್ಲರಿಗೂ ಗೊತ್ತು, ಕೊಟ್ಟ ನುಡಿಯನ್ನು ಸುಳ್ಳು ಅಂತ ಯಾರೂ ಹೇಳುವುದಿಲ್ಲ.

ಆದರೆ ಕ್ರಿಯಾಪದವಾಗಿ ಬರುವಷ್ಟು ಸಲೀಸಾಗಿ ನಾಮಪದ ಸಿಗುತ್ತಿಲ್ಲ. ‘ಕಟ್ಟೋಣ’ ಕಟ್ಟಡವಾಯಿತು, ‘ಕಟ್ಟುಪಾಡು’ ನಿಯಮವಾಯಿತು, ‘ಕಟ್ಟುವಿಕೆ’ ಪರೀಕ್ಷೆಯ ಉತ್ತರದ ಹಾಗಿದೆ. ಅಧ್ಯಾಯದ ಹೆಸರಿಗೆ ‘ಗಡಿನಾಡನ್ನು ಕಟ್ಟಿಕೊಡುವ ಬಗೆ’ ಎಂದು ಇಟ್ಟಿದ್ದೇನೆ, ಒಳಗೆ ಪದೇಪದೇ ಬರುವಾಗ ಚಿಕ್ಕ ಪದ ಬೇಕು. ಯಾರಿಗಾದರೂ ಒಳ್ಳೆಯದು ಹೊಳೆದರೆ ತಿಳಿಸಿ. ಸಿನಿಮಾ ಹೆಣ್ಣನ್ನು ಗಂಡಿನ ಕಣ್ಣಿನಿಂದ ನೋಡುತ್ತದೆ ಎಂದು ಲಾರಾ ಮಲ್ವಿ 1975ರಲ್ಲಿ ಬರೆದ ಮೇಲ್ ಗೇಝ್‌ಗೆ ‘ಗಂಡುನೋಟ’ ಹಾಕಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ತಾಳಮದ್ದಳೆಯ ನಂಟಿರುವ ಹಿರಿಯರಲ್ಲಿ ಒಂದು ವಿನಂತಿ: ‘ನಡೆ’ ಎಂಬುದನ್ನು ನೀವು ಪ್ರಸಂಗಕ್ಕೆ ಮಾತ್ರ ಬಳಸುತ್ತೀರೋ, ಒಬ್ಬ ಅರ್ಥಧಾರಿ ಕಥೆಯನ್ನು ಸಾಗಿಸುವ ರೀತಿಗೂ ಬಳಸುತ್ತೀರೋ? ಕೇಳಿದ ಒಂದೆರಡು ವಾಕ್ಯವನ್ನು ಹಾಗೆಯೇ ಬರೆದು ಕಳಿಸಿದರೆ ದೊಡ್ಡ ಉಪಕಾರ.