ಗೋಡೆ ಗಡಿಯಾರಕ್ಕೆ ಮೆರೀನ್ ಪ್ಲೈ

“ಮೆರೀನ್ ಪ್ಲೈ ಸಿಗದಿದ್ದರೆ ಗಡಿಯಾರ ಮಾಡುವುದನ್ನೇ ಬಿಟ್ಟೇನು, ಕೆಳದರ್ಜೆಯ ಹಲಗೆಯನ್ನು ಮಾತ್ರ ಮುಟ್ಟಲಾರೆ” ಎಂದು ಶ್ರೀಪತಿ ಘೋಷಿಸಿದ.

“ಗಡಿಯಾರವನ್ನು ಗೋಡೆಗೆ ತೂಗುಹಾಕುತ್ತೀಯೋ, ಮಂಗಳೂರಿನ ಬಂದರಿನಿಂದ ಸಮುದ್ರಕ್ಕೆ ಇಳಿಸುತ್ತೀಯೋ?” ಎಂದು ಸುಬ್ಬಣ್ಣ ಕೇಳಿದರು.

“ಹಾಸ್ಯ ಬೇಡಿ. ಮೆರೀನ್ ಪ್ಲೈಗೆ ಇರುವ ಭಾರತೀಯ ಮಾನಕ ಐಎಸ್ 710. ಎಂದರೆ 72 ಗಂಟೆ ಕುದಿಸಿದರೂ ಪದರ ಬಿಡದ ಹಲಗೆ.”

“ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿನ್ನ ಗಿರಾಕಿಗಳ ಪೈಕಿ ಗೋಡೆ ಗಡಿಯಾರವನ್ನು ಮೂರು ಹಗಲು ಮೂರು ರಾತ್ರಿ ಬೇಯಿಸುವವರು ಎಷ್ಟು ಮಂದಿ ಎಂಬುದಷ್ಟೇ ನನ್ನ ಸಂದೇಹ. ಸಿಂಕಿನ ಕೆಳಗೆ ಹಾಕಬೇಕಾದ ಹಲಗೆಯನ್ನು ಈಗ ಕೀಲಿಕೈ ತೂಗುಹಾಕುವ ಪಟ್ಟಿಗೂ ಕೇಳುತ್ತಾರೆ. ಆ ಮೆರೀನ್ ಹಲಗೆಯ ಅಂಟು ಫೀನಾಲ್ ಎಂಬ ರಾಸಾಯನಿಕದ್ದು. ನೀನು ಬಳ್ಳಿ, ಹೂವುಗಳನ್ನೆಲ್ಲ ಕೊರೆಸುವುದು ಲೇಸರ್ ಯಂತ್ರದಲ್ಲಿ. ಆ ಕಪ್ಪು ಅಂಟು ಸಿಕ್ಕಲ್ಲಿ ಲೇಸರ್ ತಡವರಿಸುತ್ತದೆ, ಅಂಚು ಇದ್ದಿಲಾಗುತ್ತದೆ. ಹುಳು ಹಿಡಿಯದಿರಲೆಂದು ಹಲಗೆಗೆ ಔಷಧವನ್ನೂ ಉಣಿಸಿರುತ್ತಾರೆ. ನೀನು ಅದರಲ್ಲೇ ಮಕ್ಕಳ ಆಟಿಕೆ ಮಾಡಹೊರಟಿದ್ದೀಯೆ.”

“ಲೇಸರಿನಲ್ಲಿ ಕೊರೆಸಿದ್ದಕ್ಕೆ ‘ಕೈಯಿಂದಲೇ ಮಾಡಿದ್ದು’ ಎಂಬ ಚೀಟಿ ಅಂಟಿಸುವುದು ಹೇಗೆ?” ಎಂದು ರಾಯರಿಗೆ ಅನುಮಾನ ಬಂತು.

“ಗುಂಡಿ ಒತ್ತಿದ್ದು ಕೈಯಿಂದಲೇ ಅಲ್ಲವೇ ರಾಯರೇ?” ಎಂದರು ಸುಬ್ಬಣ್ಣ.

ಶ್ರೀಪತಿ ಮುಖ ಸಿಂಡರಿಸಿದ. “ನಾನಾದರೂ ಏನು ಮಾಡಲಿ? ಮೊದಲು ರಷ್ಯಾದ ಬರ್ಚ್ ಮರದ ಪ್ಲೈ ಬರುತ್ತಿತ್ತು. ಒಳಗಿನ ಪದರಗಳೆಲ್ಲ ಅದೇ ಮರದವು, ಎಲ್ಲಿಯೂ ಪೊಳ್ಳಿಲ್ಲ. 2022ರಲ್ಲಿ ಯುದ್ಧ ಶುರುವಾಗಿ ಯುರೋಪು ಬಾಗಿಲು ಮುಚ್ಚಿದ ಮೇಲೆ ಅದರ ಬೆಲೆ ನನ್ನ ಕೈಗೆಟುಕುತ್ತಿಲ್ಲ.”

“ಬಾಗಿಲು ಮುಚ್ಚಿದ್ದು ಯುರೋಪು, ಬೆಲೆ ಏರಿಸಿದ್ದು ನಮ್ಮ ಬೀದಿಯ ಅಂಗಡಿ!” ಎಂದರು ಸುಬ್ಬಣ್ಣ.

“ಅದಕ್ಕೇ ಈಗ ನೂರಕ್ಕೆ ನೂರು ಗುರ್ಜನ್ ಎಂಬ ಕೆಂಪು ಮರ ಹಾಕಿದ 710 ಹುಡುಕುತ್ತಿದ್ದೇನೆ.”

“ಗುರ್ಜನ್ ಬರುತ್ತಿದ್ದ ಮ್ಯಾನ್ಮಾರ್ 2014ರಲ್ಲೇ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಅದಕ್ಕೂ ಮೊದಲು, 2010ರಲ್ಲಿ, ಪ್ಲೈಗೆ ಬಳಸುವ ಇನ್ನೊಂದು ಮರವಾದ ಒಕೂಮೆಯ ತವರು, ಆಫ್ರಿಕಾದ ಗ್ಯಾಬನ್ ದೇಶ, ನಿಲ್ಲಿಸಿತ್ತು. ನಮ್ಮ ಈಶಾನ್ಯದ ಪ್ಲೈವುಡ್ ಕಾರ್ಖಾನೆಗಳಂತೂ 1996ರಲ್ಲಿ ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ತಡೆ ಹಾಕಿದಾಗಲೇ ಸೊರಗಿದವು. ಇಷ್ಟೆಲ್ಲ ಆದರೂ ನಮ್ಮೂರಿನಲ್ಲಿ ಗುರ್ಜನ್ ಇಲ್ಲದ ಅಂಗಡಿಯೇ ಇಲ್ಲ! ಬೇರೆ ಮರಕ್ಕೆ ಬಳಿಯಲು ಕೆಂಪು ಬಣ್ಣದ ಡಬ್ಬಿ ಇರುವವರೆಗೆ ಆ ಮರಕ್ಕೆ ಅಳಿವಿಲ್ಲವೆಂದು ಕಾಣುತ್ತದೆ.”

ರಾಯರು ನಗಲಿಲ್ಲ. “ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಮರಗಳು ಲಾರಿ ಹತ್ತಿ ಕೇರಳದ ಪ್ಲೈವುಡ್ ಕಾರ್ಖಾನೆಗಳ ಊರಾದ ಪೆರುಂಬಾವೂರಿಗೆ ಹೋದವು. ಮೆಣಸಿನ ಬಳ್ಳಿ ಹಬ್ಬಿಸಿ ತಂದೆಯವರೇ ಬೆಳೆಸಿದ ಮರಗಳು. ಈಗ ಯಾರ ಮನೆಯ ಕಪಾಟಿನ ಒಳಪದರವಾಗಿವೆಯೋ! ಮಗಳ ಮಂಚಕ್ಕೆ ಪ್ಲೈ ತರಲು ಹೋದಾಗ ಪ್ರತಿಯೊಂದು ಹಲಗೆಯ ಅಂಚನ್ನೂ ನೋಡುತ್ತಾ ನಿಂತೆ. ಅಂಗಡಿಯವನು ನಾನು ಪೊಳ್ಳು ಹುಡುಕುತ್ತಿದ್ದೇನೆಂದು ತಿಳಿದು ಸಿಡುಕಿದ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಹಾಗಾದರೆ ನಾನು ಕೊಳ್ಳಬೇಕಾದದ್ದು ಏನು?” ಎಂದು ಶ್ರೀಪತಿಯೇ ಮೌನ ಮುರಿದ.

“ಮನೆಯೊಳಗಿನ ಅಲಂಕಾರದ ವಸ್ತುವಿಗೆ ಎಂ.ಆರ್. ದರ್ಜೆ, ಎಂದರೆ ತೇವವನ್ನಷ್ಟೇ ತಡೆಯುವ, 710 ಅಲ್ಲದ ಬೇರೆ ದರ್ಜೆ, ಧಾರಾಳವಾಗಿ ಸಾಕು, ಆದರೆ ಐಎಸ್‌ಐ ಮುದ್ರೆ ಇರಲಿ. ಮುದ್ರೆಯೊಂದನ್ನೇ ನಂಬಬೇಡ. ಹಲಗೆಯ ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡು, ಸೊಟ್ಟಗಿದ್ದರೆ ಬಿಡು. ಬೆರಳಿನಿಂದ ಅಲ್ಲಲ್ಲಿ ತಟ್ಟು, ಸದ್ದು ಬದಲಾದಲ್ಲಿ ಒಳಗೆ ಪೊಳ್ಳಿರುತ್ತದೆ. ದೊಡ್ಡ ಹಲಗೆ ಕೊಳ್ಳುವ ಮೊದಲು ಅದೇ ಮಾಲಿನ ಒಂದು ತುಂಡನ್ನು ಬೇಡಿ ತಂದು ಲೇಸರಿನಲ್ಲಿ ಕೊರೆಸಿ ನೋಡು. ಇಷ್ಟಕ್ಕೆ ಒಪ್ಪದ ಅಂಗಡಿಯಿಂದ ಮೆರೀನನ್ನೂ ಕೊಳ್ಳಬೇಡ” ಎಂದರು ಸುಬ್ಬಣ್ಣ.

ಶ್ರೀಪತಿ ಬಹಳ ಶ್ರದ್ಧೆಯಿಂದ ತಲೆದೂಗಿ, ಅಲ್ಲಿಂದಲೇ ಅಂಗಡಿಗೆ ಫೋನು ಮಾಡಿ, “710ರಲ್ಲಿ ಎಂ.ಆರ್. ಇದೆಯೇ?” ಎಂದು ವಿಚಾರಿಸಿದ.

“ಇದೆ ಸಾರ್, ನೂರಕ್ಕೆ ನೂರು ಗುರ್ಜನ್” ಎಂಬ ಉತ್ತರ ನಮಗೆಲ್ಲ ಕೇಳಿಸಿತು.