ತಾಂಪನೀಸ್‌ನಲ್ಲಿ ಎಚ್‌ಡಿಬಿ ಮನೆ: ಜನಾಂಗದ ಕೋಟಾ ಮತ್ತು ನೆರೆಹೊರೆಯ ಬದುಕು

ಪ್ರಶ್ನೆ: ಶರಾವತಿ

ಸಿಂಗಪುರದಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ನನಗೂ ನನ್ನ ಯಜಮಾನರಿಗೂ ಪಿಆರ್ (ಕಾಯಂ ನಿವಾಸಿ ಸ್ಥಾನ) ದೊರೆತು ಮೂರು ವರ್ಷ ಕಳೆದಿರುವುದರಿಂದ, ಬಾಡಿಗೆ ಮನೆ ಬಿಟ್ಟು ತಾಂಪನೀಸ್‌ನಲ್ಲಿ ಮರುಮಾರಾಟದ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಮಗಳು ಮುಂದೆ ಸೇರಲಿರುವ ಶಾಲೆಗೆ ಹತ್ತಿರದ ಒಂದು ಫೋರ್-ರೂಮ್ ಮನೆ ಎಲ್ಲ ರೀತಿಯಲ್ಲೂ ಒಪ್ಪಿಗೆಯಾಗಿತ್ತು. ಆದರೆ ಒಂದೊಂದು ಜನಾಂಗಕ್ಕೂ ಮನೆಗಳಲ್ಲಿ ಇಷ್ಟೇ ಪಾಲು ಎಂಬ ಮಿತಿಯಿದ್ದು, ಆ ಬ್ಲಾಕಿನಲ್ಲಿ ಭಾರತೀಯರ ಕೋಟಾ ತುಂಬಿದೆಯೆಂದು ಹೇಳಿ ಏಜೆಂಟ್ ಮಾತು ಮುಗಿಸಿಬಿಟ್ಟರು. ಹಾಗಾದರೆ ಆ ಬ್ಲಾಕಿನ ಆಸೆಯನ್ನೇ ನಾವು ಬಿಡಬೇಕೆ?

ಇನ್ನೊಂದು ವಿಷಯವೂ ಮನಸ್ಸಿನಲ್ಲಿದೆ. ಸಾಗರದಿಂದ ನಮ್ಮ ಅತ್ತೆಯವರು ಬಂದು ಕೆಲವು ತಿಂಗಳು ನಮ್ಮೊಡನೆ ಇರುತ್ತಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಶುದ್ಧ ಸಸ್ಯಾಹಾರಿಗಳು. ಚೀನೀಯರು, ಮಲಯರು, ತಮಿಳರು ಒಂದೇ ಮಹಡಿಯಲ್ಲಿರುವ ಕಡೆ ಜನರು ನಿಜವಾಗಿಯೂ ಬೆರೆಯುತ್ತಾರೆಯೇ, ಅಥವಾ ಲಿಫ್ಟಿನಲ್ಲಿ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಾರೆಯೇ ಎಂಬುದನ್ನು ಅಲ್ಲಿ ವಾಸವಿರುವವರಿಂದಲೇ ತಿಳಿಯಬೇಕೆಂದಿದ್ದೇನೆ.

ಉತ್ತರ: ಹಾಸನದವನು

ಶರಾವತಿಯವರೇ, ಏಜೆಂಟ್ ನಿಮಗೆ ಅರ್ಧ ಮಾತ್ರ ಹೇಳಿದ್ದಾರೆ. ಭಾರತೀಯರ ಮಿತಿ ತುಂಬಿದ ಬ್ಲಾಕಿನಲ್ಲಿ ನೀವು ಚೀನೀ ಅಥವಾ ಮಲಯ ಮಾಲೀಕರಿಂದ ಮನೆ ಕೊಳ್ಳುವಂತಿಲ್ಲ. ಆದರೆ ಮಾರುವವರೂ ಭಾರತೀಯರಾಗಿದ್ದರೆ ಲೆಕ್ಕ ಏರುಪೇರಾಗದ ಕಾರಣ ಜನಾಂಗದ ಕೋಟಾ ಅಡ್ಡಬರುವುದಿಲ್ಲ. ಈಗಿನ ಮಿತಿ ಹೀಗಿದೆ: ಒಂದು ನೆರೆಹೊರೆಯಲ್ಲಿ ಚೀನೀಯರು ಶೇ 84, ಮಲಯರು ಶೇ 22, ಭಾರತೀಯರು ಮತ್ತು ಇತರರು ಸೇರಿ ಶೇ 12, ಒಂದೊಂದು ಬ್ಲಾಕಿನಲ್ಲಿ ಅನುಕ್ರಮವಾಗಿ ಶೇ 87, 25 ಮತ್ತು 15. ಇದಲ್ಲದೆ ಮಲೇಷ್ಯಾದವರಲ್ಲದ ಪಿಆರ್ ಕುಟುಂಬಗಳಿಗೆ ನೆರೆಹೊರೆಯಲ್ಲಿ ಶೇ 5, ಬ್ಲಾಕಿನಲ್ಲಿ ಶೇ 8ರ ಪ್ರತ್ಯೇಕ ಮಿತಿಯಿದೆ. ನಿಮಗೆ ಎರಡೂ ಅನ್ವಯಿಸುತ್ತವೆ. ಎಚ್‌ಡಿಬಿಯ ಜಾಲತಾಣದಲ್ಲಿ ಬ್ಲಾಕ್ ಸಂಖ್ಯೆ ಕೊಟ್ಟರೆ ಸ್ಥಿತಿ ತಿಳಿಯುತ್ತದೆ ಮತ್ತು ಪ್ರತಿ ತಿಂಗಳ 1ನೇ ತಾರೀಖಿನಂದು ಅದು ಪರಿಷ್ಕರಣೆಯಾಗುತ್ತದೆ. ಮುಂಗಡ ಕೊಡುವ ಮೊದಲು ನೀವೇ ನೋಡಿಕೊಳ್ಳಿ, ಇನ್ನೊಬ್ಬರ ಮಾತಿಗೆ ಬಿಡಬೇಡಿ.

ನೀವು ಆರಿಸಿಕೊಂಡಿರುವ ಊರಿಗೂ ಈ ನಿಯಮಕ್ಕೂ ನೇರ ಸಂಬಂಧವಿದೆ. 1964ರಲ್ಲಿ ಚೀನೀಯರು ಮತ್ತು ಮಲಯರ ನಡುವೆ ನಡೆದ ಗಲಭೆಗಳ ನೆನಪು ಇಲ್ಲಿಯ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ಎಂಬತ್ತರ ದಶಕದಲ್ಲಿ ಬೆಡೋಕ್ ಮತ್ತು ತಾಂಪನೀಸ್‌ಗಳಲ್ಲಿ ಮಲಯರೂ ಹೌಗಾಂಗ್‌ನಲ್ಲಿ ಚೀನೀಯರೂ ಮತ್ತೆ ಒಂದೆಡೆ ಸೇರತೊಡಗಿದ್ದನ್ನು ಕಂಡು, ಆಗ ರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ ಎಸ್. ಧನಬಾಲನ್ ಅವರು ಮಂಡಿಸಿದ ಈ ನೀತಿ 1989ರ ಮಾರ್ಚ್ 1ರಿಂದ ಜಾರಿಗೆ ಬಂದಿತು.

ಉತ್ತರ: ತೋವಾ ಪಾಯೋ ಅಕ್ಕ

ಕೋಟಾದ ಲೆಕ್ಕವನ್ನು ಹಾಸನದ ತಮ್ಮ ಚೆನ್ನಾಗಿ ವಿವರಿಸಿದ್ದಾರೆ. ನಾನು ಬದುಕಿನ ಬಗ್ಗೆ ಹೇಳುತ್ತೇನಮ್ಮ.

ಬೆರೆಯುವುದು ಮನೆಯೊಳಗೆ ಕಡಿಮೆ, ಹೊರಗೆ ಹೆಚ್ಚು. ಕಟ್ಟಡದ ಕೆಳಗೆ ಗೋಡೆಗಳಿಲ್ಲದೆ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲಿ ಒಂದು ವಾರ ಮಲಯರ ಮದುವೆಯ ಚಪ್ಪರ ಏಳುತ್ತದೆ. ಬಿರಿಯಾನಿಯ ಪರಿಮಳ ಹತ್ತನೆಯ ಮಹಡಿಯವರೆಗೂ ಬರುತ್ತದೆ. ಇನ್ನೊಂದು ವಾರ ಅದೇ ಜಾಗದಲ್ಲಿ ಚೀನೀ ಕುಟುಂಬವೊಂದು ಹಿರಿಯರ ಪಾರ್ಥಿವ ಶರೀರವನ್ನಿರಿಸಿಕೊಂಡು ಮೂರು ಅಥವಾ ಐದು ದಿನ ರಾತ್ರಿಯೆಲ್ಲ ಎಚ್ಚರವಿರುತ್ತದೆ. ಮೊದಲ ಸಲ ನೋಡಿದಾಗ ಅತ್ತೆಯವರು ಗಾಬರಿಯಾಗಬಹುದು, ಮೊದಲೇ ಹೇಳಿಡಿ. ಚೀನೀಯರ ಪಂಚಾಂಗದ ಏಳನೆಯ ತಿಂಗಳಲ್ಲಿ ಪಿತೃಗಳಿಗೆಂದು ಕಾಗದ ಸುಡುವಾಗ ಹೊಗೆಯೂ ಬೂದಿಯೂ ಬರುತ್ತವೆ; ನಮ್ಮ ಪಕ್ಷಮಾಸದಂತೆ ಅದೂ ಹಿರಿಯರ ಕಾರ್ಯವೆಂದು ತಿಳಿಸಿದರೆ ಅತ್ತೆಯವರಿಗೆ ಅರ್ಥವಾಗುತ್ತದೆ. ದೀಪಾವಳಿಯಲ್ಲಿ ನಮ್ಮ ಬಾಗಿಲ ಮುಂದಿನ ರಂಗೋಲಿಯನ್ನು ತುಳಿಯದಂತೆ ಮಕ್ಕಳನ್ನು ಕೈಹಿಡಿದು ದಾಟಿಸುವವರು ಪಕ್ಕದ ಮನೆಯ ಚೀನೀ ಅಜ್ಜಿ. ನಮ್ಮಿಬ್ಬರಿಗೂ ಒಂದು ಸಾಮಾನ್ಯ ಭಾಷೆಯಿಲ್ಲ, ಆದರೂ ಹಬ್ಬದ ತಿಂಡಿ ಎರಡೂ ಕಡೆಯಿಂದ ತಪ್ಪದೆ ಹೋಗಿಬರುತ್ತದೆ. ಕಾರಿಡಾರಿನಲ್ಲಿ ತುಳಸಿ ಕುಂಡ ಇಡಬಹುದು, ಆದರೆ ಬೆಂಕಿ ಅನಾಹುತದ ವೇಳೆ ಜನರು ಪಾರಾಗಲು 1.2 ಮೀಟರ್ ಹಾದಿ ಖಾಲಿಯಿರಬೇಕೆಂಬ ನಿಯಮವಿದೆ.

ಊಟದ ಬಗ್ಗೆ ಚಿಂತೆ ಬೇಡ. ಹಲವು ಊಟದ ಅಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ಗಳಲ್ಲಿ ತಟ್ಟೆ ಹಿಂತಿರುಗಿಸುವ ಕಪಾಟುಗಳೇ ಹಲಾಲ್ ಮತ್ತು ಇತರ ಎಂದು ಬೇರೆಬೇರೆ ಇರುವುದರಿಂದ, ಒಬ್ಬೊಬ್ಬರಿಗೆ ಒಂದೊಂದು ಪಥ್ಯವಿರುತ್ತದೆಂಬುದು ಇಲ್ಲಿ ಯಾರಿಗೂ ಹೊಸದಲ್ಲ. ಬೌದ್ಧ ಸಸ್ಯಾಹಾರಿ ಅಂಗಡಿಗಳೂ ಅನೇಕ ಕಡೆ ಸಿಗುತ್ತವೆ. ಅವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸದಿರುವುದು ಸಾಮಾನ್ಯ.

ಉತ್ತರ: ಕೃಷ್ಣಾತೀರ

ಅಕ್ಕ ಬರೆದಿರುವುದೆಲ್ಲ ನಿಜ, ನಾನೂ ಈ ನೀತಿಯನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನೂ ಕೊಳ್ಳುವ ಮೊದಲು ಯೋಚಿಸಬೇಕು. ಚೀನೀಯರ ಮಿತಿ ತುಂಬಿದ ಬ್ಲಾಕಿನಲ್ಲಿರುವ ಭಾರತೀಯ ಅಥವಾ ಮಲಯ ಮಾಲೀಕರು ತಮ್ಮ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ; ದೇಶದ ನಾಲ್ವರಲ್ಲಿ ಸುಮಾರು ಮೂವರು ಚೀನೀಯರೇ ಆಗಿರುವಾಗ, ಉಳಿದ ಕೆಲವೇ ಗಿರಾಕಿಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಇಲ್ಲವೇ ಬೆಲೆ ಇಳಿಸಬೇಕಾಗುತ್ತದೆ. ಈ ತೊಂದರೆಯನ್ನು ಸರ್ಕಾರವೂ ಒಪ್ಪಿಕೊಂಡಿದ್ದು, ಹೀಗೆ ಸಿಕ್ಕಿಕೊಂಡ ಅರ್ಹ ಮಾಲೀಕರ ಮನೆಯನ್ನು ಎಚ್‌ಡಿಬಿಯೇ ಮರಳಿ ಕೊಳ್ಳುವ ವ್ಯವಸ್ಥೆಯನ್ನು 2022ರ ಮಾರ್ಚ್‌ನಲ್ಲಿ ತಂದಿತು. ಆದ್ದರಿಂದ ಆ ಬ್ಲಾಕಿನಲ್ಲಿ ನಿಮ್ಮ ಕೋಟಾವನ್ನಷ್ಟೇ ಅಲ್ಲ, ಚೀನೀಯರ ಕೋಟಾ ಎಲ್ಲಿಗೆ ಬಂದಿದೆ ಎಂಬುದನ್ನೂ ನೋಡಿ. ಮುಂದೊಂದು ದಿನ ಮಾರುವಾಗ ನಿಮ್ಮನ್ನು ಕಾಡುವುದು ಅದೇ.

ಜನಾಂಗಗಳನ್ನು ಬೆರೆಸಿದಷ್ಟು ಗಟ್ಟಿಯಾಗಿ ಆದಾಯವನ್ನು ಬೆರೆಸಿಲ್ಲವೆಂಬುದು ನನ್ನ ಅಭಿಪ್ರಾಯ. ತ್ರೀ-ರೂಮ್‌ನಿಂದ ಫೈವ್-ರೂಮ್‌ವರೆಗಿನ ಮನೆಗಳು ಅಕ್ಕಪಕ್ಕದಲ್ಲಿದ್ದು ಚಾಲಕರೂ ಉಪಾಧ್ಯಾಯರೂ ಎಂಜಿನಿಯರರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತಾರೆ, ಅದು ದೊಡ್ಡ ವಿಷಯವೇ ಸರಿ. ಆದರೆ ತೀರ ಬಡವರಿಗೆ ಸರ್ಕಾರ ಕೊಡುವ ಬಾಡಿಗೆ ಮನೆಗಳು ಬಹುಕಾಲ ಪ್ರತ್ಯೇಕ ಬ್ಲಾಕುಗಳಲ್ಲೇ ಇದ್ದವು. ಸ್ವಂತ ಮನೆಗಳೊಡನೆ ಒಂದೇ ಬ್ಲಾಕಿನಲ್ಲಿ ಅವುಗಳನ್ನು ಸೇರಿಸುವ ಪ್ರಯತ್ನ ಇತ್ತೀಚಿನದು. ನಗರದ ನಡುವಿನ ಮನೆಗಳು ಸಿರಿವಂತರ ಪಾಲಾಗದಿರಲೆಂದು 2021ರಲ್ಲಿ ರೊಚೋರ್‌ನಿಂದ ಆರಂಭಿಸಿದ ಯೋಜನೆಯಲ್ಲಿ ಹೆಚ್ಚಿನ ಸಹಾಯಧನ ಕೊಟ್ಟು, ಮಾರುವಾಗ ಅದರ ಒಂದು ಭಾಗವನ್ನು ಹಿಂಪಡೆಯುವ ಷರತ್ತು ಹಾಕಿದ್ದಾರೆ. ಇದು ಸರಿಯಾದ ದಾರಿಯೆಂದು ನಂಬಿದ್ದೇನೆ.

ಶರಾವತಿ

ಎಲ್ಲರಿಗೂ ಕೃತಜ್ಞತೆಗಳು. ಅದೇ ಬ್ಲಾಕಿನಲ್ಲಿ ಭಾರತೀಯ ಮಾಲೀಕರು ಯಾರಾದರೂ ಮಾರುತ್ತಿದ್ದಾರೆಯೇ ಎಂದು ವಿಚಾರಿಸುತ್ತೇವೆ, ಚೀನೀಯರ ಕೋಟಾವನ್ನೂ ನೋಡುತ್ತೇವೆ. ಅಕ್ಕ, ಶಾಲೆಯಲ್ಲಿ ಮಗಳಿಗೆ ಮಾತೃಭಾಷೆಯಾಗಿ ಕನ್ನಡ ಸಿಗುತ್ತದೆಯೇ?

ತೋವಾ ಪಾಯೋ ಅಕ್ಕ

ಸಿಗುವುದಿಲ್ಲಮ್ಮ. ತಮಿಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಿಗೆ ಅವಕಾಶವಿದೆ, ಕನ್ನಡಕ್ಕಿಲ್ಲ. ಮನೆಯಲ್ಲಿ ಅತ್ತೆಯವರು ಇರುವ ತಿಂಗಳುಗಳಲ್ಲೇ ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿ. ಮನೆ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ತಾಂಪನೀಸ್‌ನಲ್ಲಿರುವ ಕನ್ನಡದ ಕುಟುಂಬಗಳ ಪರಿಚಯ ಮಾಡಿಸುತ್ತೇನೆ.