ಫೈಬ್ರಾಯ್ಡ್ ತೆಗೆಸಿದ್ದೆ, ಮತ್ತೆ ಬಂದಿದೆ. ಗರ್ಭಕೋಶವನ್ನೇ ತೆಗೆಸಬೇಕಾ?

ಪ್ರಶ್ನೆ: ಮೇಡಂ, ನನಗೆ 39 ವರ್ಷ, ಒಬ್ಬಳು ಮಗಳು. ನಾಲ್ಕು ವರ್ಷದ ಹಿಂದೆ ಆಪರೇಷನ್ ಮಾಡಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ತೆಗೆದಿದ್ದರು. ಈಗ ಸ್ಕ್ಯಾನಿಂಗ್‌ನಲ್ಲಿ ಮತ್ತೆ ಎರಡು ಕಾಣಿಸಿವೆ, ದೊಡ್ಡದು 3 ಸೆಂ.ಮೀ. ಮುಟ್ಟಿನ ಎರಡನೇ ದಿನ ತುಂಬಾ ಹೋಗುತ್ತದೆ. ಹಿಮೋಗ್ಲೋಬಿನ್ 9. ‘ಮಗು ಆಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡು, ಪೀಡೆ ಕಳೆಯುತ್ತೆ’ ಅಂತಾರೆ ಅತ್ತೆ. ಮೊದಲ ಆಪರೇಷನ್ ಸರಿಯಾಗಿ ಆಗಿರಲಿಲ್ವಾ? ಇದು ಕ್ಯಾನ್ಸರ್ ಆಗುತ್ತಾ?

ಉತ್ತರ: ಆಪರೇಷನ್ ಕೆಟ್ಟಿತು ಅಂತ ಅಂದುಕೊಳ್ಳಬೇಡಿ. ಕೈಗೆ ಸಿಗದಷ್ಟು ಸಣ್ಣ ಗಡ್ಡೆಗಳು ಗರ್ಭಕೋಶದ ಗೋಡೆಯೊಳಗೆ ಉಳಿದಿರಬಹುದು, ಹೊಸದೂ ಹುಟ್ಟುತ್ತವೆ. ಮುಟ್ಟು ನಿಲ್ಲುವವರೆಗೂ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳು ಅವುಗಳನ್ನು ಬೆಳೆಸುತ್ತಲೇ ಇರುತ್ತವೆ. ಕ್ಯಾನ್ಸರ್ ಸಾಧ್ಯತೆ ತೀರಾ ಕಡಿಮೆ. ಆದರೂ ಆಗ ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಹುಡುಕಿ, ಡಾಕ್ಟರಿಗೆ ತೋರಿಸಿ.

ನನಗೆ 3 ಸೆಂ.ಮೀ. ಗಡ್ಡೆಗಿಂತ ನಿಮ್ಮ ಹಿಮೋಗ್ಲೋಬಿನ್ 9 ಇರುವುದೇ ಚಿಂತೆ. ಅಂದ ಹಾಗೆ, ಗಡ್ಡೆ ಎಲ್ಲಿದೆ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದಾರಾ?

ಪ್ರಶ್ನೆ ಕೇಳಿದವರು: ಎರಡೂ ಗೋಡೆಯೊಳಗೆ, ಒಳಪದರಕ್ಕೆ ತಾಗಿಲ್ಲ ಅಂತಿದೆ. ಇನ್ನೊಂದು ಮಗು ಬೇಡ ಮೇಡಂ.

ಉತ್ತರ: ಒಳಪದರಕ್ಕೆ ಉಬ್ಬಿಕೊಂಡಿದ್ದರೆ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಕ್ಯಾಮೆರಾ ಹಾಕಿ ತೆಗೆಯಬಹುದಿತ್ತು. ನಿಮಗೆ ಮೊದಲು ರಕ್ತ ಹೋಗುವುದನ್ನು ತಡೆಯೋಣ. ಮುಟ್ಟಿನ ದಿನಗಳಲ್ಲಿ ಮಾತ್ರ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಯಾವತ್ತಾದರೂ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ, ಆಗ ಅದು ಬೇಡ. ಇನ್ನೊಂದು ದಾರಿ ಹಾರ್ಮೋನ್ ಇರುವ ಕಾಯಿಲ್. ಕಾಪರ್-ಟಿ ಹಾಗೆಯೇ ಒಳಗೆ ಹಾಕುತ್ತಾರೆ, ವರ್ಷಗಟ್ಟಲೆ ಇರುತ್ತದೆ. ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ರಕ್ತದ ಕಲೆ ಕಾಣಿಸಬಹುದು, ಗಾಬರಿಯಾಗಿ ತೆಗೆಸಬೇಡಿ. ಹಿಮೋಗ್ಲೋಬಿನ್ ಏರಿಸಲು ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ಹಾಗೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ!

ಗಡ್ಡೆ ಕುಗ್ಗಿಸುವ ಇಂಜೆಕ್ಷನ್ ಇದೆ, ಆದರೆ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ಅದನ್ನು ಸಾಮಾನ್ಯವಾಗಿ ಆಪರೇಷನ್‌ಗೆ ಮುಂಚೆ ಕೆಲವು ತಿಂಗಳಷ್ಟೇ ಕೊಡುತ್ತಾರೆ. ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಗರ್ಭಕೋಶ ತೆಗೆದರೆ ಫೈಬ್ರಾಯ್ಡ್ ಮತ್ತೆ ಬರುವುದಿಲ್ಲ, ನಿಜ. ಆದರೆ ಅದು ದೊಡ್ಡ ಆಪರೇಷನ್. ಅಂಡಾಶಯ ಉಳಿಸಿದರೂ ಕೆಲವರಿಗೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಬೇಗ ಶುರುವಾಗುತ್ತವೆ. ಔಷಧಿ, ಕಾಯಿಲ್ ಎರಡೂ ಕೈಕೊಟ್ಟರೆ ಆಗ ಯೋಚಿಸಿ. ಸದ್ಯಕ್ಕೆ ತಿಂಗಳ ಮೇಲೆ ಹಿಮೋಗ್ಲೋಬಿನ್, ಆರು ತಿಂಗಳ ಮೇಲೆ ಸ್ಕ್ಯಾನಿಂಗ್. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹೋದರೆ, ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.